‘ಎಲ್ಲರೂ ಸೌಖ್ಯ’: ಒಂದು ಹಳೆಯ ಚಿತ್ರ ಮತ್ತು ನಮ್ಮ ಪ್ರವಾಸ ಕಥನ

ಕಳಸದ ಕಡೆಯ ಮನೆಗಳಲ್ಲಿ ಮಳೆಗಾಲ ಮುಗಿದ ಮೇಲೆ ಒಂದು ಕೆಲಸ ಇದ್ದೇ ಇರುತ್ತದೆ. ಗೋಡೆಯ ಮೇಲಿನ ಚಿತ್ರಗಳನ್ನೆಲ್ಲ ಇಳಿಸಿ, ಒರೆಸಿ, ಅಂಗಳದ ಬಿಸಿಲಿಗೆ ಇಡುವುದು. ನಾಲ್ಕು ತಿಂಗಳ ಥಂಡಿಗೆ ಗಾಜಿನ ಒಳಗೂ ಬೂಷ್ಟು ಹಿಡಿದಿರುತ್ತದೆ. ನಮ್ಮ ಮಾಮನ ಮನೆಯಲ್ಲಿ ಹೀಗೆ ವರ್ಷಕ್ಕೊಮ್ಮೆ ಬಿಸಿಲು ಕಾಯುತ್ತಿದ್ದ ಚಿತ್ರ ಒಂದೇ ಒಂದು. ಅದರಲ್ಲಿ ಮಾಮ, ಮಾಮಿ, ಅವರ ಇಬ್ಬರು ಮಕ್ಕಳು ಜಿದ್ದಾದ ಸಮುದ್ರ ತೀರದಲ್ಲಿ ನಿಂತಿದ್ದಾರೆ. ಅವರ ಹಿಂದೆ ಆಕಾಶಕ್ಕೆ ಚಿಮ್ಮಿದ ಕಿಂಗ್ ಫಹದ್ ಕಾರಂಜಿ. 1985ರಲ್ಲಿ ಶುರುವಾದ ಈ ಕಾರಂಜಿ ಆ ಊರಿಗೆ ಹೋದವರೆಲ್ಲರ ಚಿತ್ರದಲ್ಲೂ ಬರುತ್ತದೆ. ಕೆಳಗೆ ಬಲ ಮೂಲೆಯಲ್ಲಿ ಕ್ಯಾಮರಾವೇ ಮೂಡಿಸಿದ ಕಿತ್ತಳೆ ಬಣ್ಣದ ಅಂಕಿಗಳಿವೆ. 1994ರ ಮೇ ತಿಂಗಳು.

ಆ ಚಿತ್ರಕ್ಕೆ ಚಾವಡಿಯಲ್ಲಿ ಬಾಗಿಲಿಗೆ ಎದುರಾದ ಜಾಗ. ಆದರೆ ಅದೇ ಚಾವಡಿಯಲ್ಲಿ ಯಾರಾದರೂ ನಮಾಝಿಗೆ ನಿಂತರೆ, ಊರಿನ ಮುಸ್ಲಿಯಾರರು ಬಂದರೆ, ಅಜ್ಜಿ ಎದ್ದು ಹೋಗಿ ಚಿತ್ರವನ್ನು ಗೋಡೆಗೆ ಮುಖ ಮಾಡಿ ತಿರುಗಿಸುತ್ತಿದ್ದರು. ಅವರು ಹೋದ ಮೇಲೆ ಮತ್ತೆ ಸರಿ ಮಾಡುತ್ತಿದ್ದರು. ಹಾಗಾಗಿ ಮಕ್ಕಳಾದ ನಮಗೆ ಆ ಚಿತ್ರದ ಮುಂಬದಿಯಷ್ಟೇ ಅದರ ಬೆನ್ನಿನ ಕಂದು ರಟ್ಟೂ ಪರಿಚಿತವಾಗಿತ್ತು.

ಈ ಲೇಖನ ಆ ಒಂದು ಚಿತ್ರದ ಬಗ್ಗೆ. ಅದರ ಜೊತೆಗೆ, ಅಂಥ ಚಿತ್ರಗಳನ್ನು ನೋಡಲು ನಮಗೆ ಕಲಿಸದೇ ಹೋದ ಕನ್ನಡದ ಪ್ರವಾಸ ಸಾಹಿತ್ಯದ ಬಗ್ಗೆ ಕೂಡ.

ಅದೇ ಕಾಲದಲ್ಲಿ ನಾವು ನೋಡಿದ ಇನ್ನೊಂದು ಬಗೆಯ ಚಿತ್ರಗಳನ್ನೂ ಇಲ್ಲಿ ನೆನೆಯಬೇಕು. ನಮ್ಮ ಬಾಪ ಮೂಡಿಗೆರೆ ಸುತ್ತಿನ ತೋಟಗಳಿಂದ ಕಾಳುಮೆಣಸು ಖರೀದಿ ಮಾಡುತ್ತಿದ್ದರು. ಅವರ ಜೊತೆ ಹೋದಾಗ ಒಂದು ತೋಟದ ಬಂಗಲೆಯಲ್ಲಿ ನಮಗೊಂದು ಆಲ್ಬಮ್ ತೋರಿಸಿದರು. ಅದರಲ್ಲಿ ಸ್ವಿಟ್ಜರ್ಲೆಂಡಿನ ಹಿಮ ಇತ್ತು, ಪ್ಯಾರಿಸ್ಸಿನ ಗೋಪುರ ಇತ್ತು, ಸಿಂಗಾಪುರದ ಸಿಂಹಮುಖದ ಮೀನೂ ಇತ್ತು. ಮನೆಯ ಯಜಮಾನರು ಒಳ್ಳೆಯವರು. ಒಂದೊಂದು ಪುಟ ತಿರುಗಿಸುತ್ತಾ, ಅಲ್ಲಿ ಏನು ತಿಂದೆವು, ಎಲ್ಲಿ ದಾರಿ ತಪ್ಪಿದೆವು ಎಂದು ನಗುತ್ತಾ ಹೇಳಿದರು. ಆಮೇಲೆ ಬಾಪನನ್ನು ಕೇಳಿದರು: “ನಿಮ್ಮ ಭಾವನೂ ಫಾರಿನ್ನಲ್ಲೇ ಇದ್ದಾರಲ್ವಾ ಸಾಬ್ರೆ?”

“ಹೌದು ಗೌಡ್ರೆ, ಜಿದ್ದಾದಲ್ಲಿ.”

“ಓ, ಗಲ್ಫಾ.”

ಅಷ್ಟೇ. ಅದರಲ್ಲಿ ಅವಮಾನ ಮಾಡುವ ಉದ್ದೇಶ ಏನೂ ಇರಲಿಲ್ಲ. ಆದರೆ ಫಾರಿನ್ ಎಂಬ ಮಾತು ಅಲ್ಲಿಗೆ ನಿಂತುಹೋಯಿತು. ನಾವು ಆ ದಿನ ಮೆಣಸಿನ ಚೀಲಗಳ ಮೇಲೆ ಕುಳಿತು ಮನೆಗೆ ಬರುವಾಗ ಒಂದು ವಿಷಯ ಯೋಚಿಸುತ್ತಿದ್ದೆವು: ಸಮುದ್ರ ದಾಟಿದ್ದು ಇಬ್ಬರೂ, ವಿಮಾನ ಹತ್ತಿದ್ದು ಇಬ್ಬರೂ, ಚಿತ್ರ ತೆಗೆಸಿಕೊಂಡದ್ದೂ ಇಬ್ಬರೂ. ಒಬ್ಬರದು ಪ್ರವಾಸವಾಯಿತು, ಇನ್ನೊಬ್ಬರದು ಯಾಕೆ ಆಗಲಿಲ್ಲ?

ಸರಳವಾದ ಉತ್ತರ ಒಂದಿದೆ: ಅವರು ನೋಡಲು ಹೋದವರು, ಇವರು ದುಡಿಯಲು ಹೋದವರು. ಕಾನೂನು ಕೂಡ ಅದನ್ನೇ ಹೇಳುತ್ತಿತ್ತು. ಸೌದಿ ಅರೇಬಿಯಾ ಸಾಮಾನ್ಯ ಪ್ರವಾಸಿಗಳಿಗೆ ವೀಸಾ ಬಾಗಿಲು ತೆರೆದದ್ದೇ 2019ರ ಸೆಪ್ಟೆಂಬರಿನಲ್ಲಿ. ಅಲ್ಲಿಯವರೆಗೆ ಹೋಗುವವರು ಯಾತ್ರಿಕರಾಗಿರಬೇಕು, ವ್ಯವಹಾರಕ್ಕೆ ಬಂದವರಾಗಿರಬೇಕು, ಕೆಲಸಗಾರರಾಗಿರಬೇಕು, ಇಲ್ಲವೇ ಕೆಲಸಗಾರರನ್ನು ನೋಡಲು ಬಂದ ಮನೆಯವರಾಗಿರಬೇಕು. ಅಂದರೆ 1994ರಲ್ಲಿ ಆ ಕಾರಂಜಿಯ ಮುಂದೆ ನಿಂತ ನಮ್ಮ ಮಾಮಿ ಕಾಗದ ಪತ್ರದ ಪ್ರಕಾರ ಪ್ರವಾಸಿಯಾಗಿರಲು ಸಾಧ್ಯವೇ ಇರಲಿಲ್ಲ. ಆದರೆ ಸಾಹಿತ್ಯ ಕಾನೂನಿನ ಮಾತನ್ನೇ ಯಾಕೆ ಕೇಳಬೇಕು?

ಕನ್ನಡದ ಪ್ರವಾಸ ಕಥನ ಬಡವಾದದ್ದಲ್ಲ. ಗೋಕಾಕರು ಓದಲು ಇಂಗ್ಲೆಂಡಿಗೆ ಹೋದ ಸಮುದ್ರ ಪ್ರಯಾಣದಿಂದ ‘ಸಮುದ್ರ ಗೀತೆಗಳು’ ಹುಟ್ಟಿದವು. ಕಾರಂತರ ‘ಅಪೂರ್ವ ಪಶ್ಚಿಮ’ ಯುರೋಪನ್ನು ನಮ್ಮ ಕಡಲ ಕರೆಯ ಕಣ್ಣಿನಿಂದ ಅಳೆಯಿತು. ಎ.ಎನ್. ಮೂರ್ತಿರಾಯರು ತಮ್ಮ ಪುಸ್ತಕಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದು ತಮ್ಮನ್ನೇ ಕೆಣಕಿಕೊಳ್ಳುವ ಹೆಸರಿಟ್ಟರು. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ನಂತರದ ತಲೆಮಾರಿನಲ್ಲಿ ನೇಮಿಚಂದ್ರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಬರೆದು, ಹೆಣ್ಣುಮಗಳೊಬ್ಬಳು ದೂರದ ಖಂಡವನ್ನು ತನ್ನ ಕಾಲಲ್ಲಿ ನಡೆದು ಕಾಣಬಹುದು ಎಂದು ತೋರಿಸಿದರು. ಇವರಲ್ಲಿ ಯಾರೂ ಬರೀ ಜಂಬಕ್ಕೆ ಬರೆದವರಲ್ಲ. ಗೊರೂರರ ಹಳ್ಳಿಗನ ನಗು ದೊಡ್ಡ ಅಮೆರಿಕವನ್ನು ನಮ್ಮ ಜಗಲಿಗೆ ತಂದು ಕೂರಿಸುತ್ತದೆ. ಅದೊಂದು ಸಣ್ಣ ಸಾಧನೆ ಅಲ್ಲ.

ಆದರೆ ಇವರೆಲ್ಲರಿಗೂ ಸಮಾನವಾದ ಒಂದು ಸ್ಥಿತಿ ಇದೆ, ಅದನ್ನು ನಮ್ಮ ವಿಮರ್ಶೆ ಗಮನಿಸಿದ್ದು ಕಡಿಮೆ. ಇವರು ಹೋಗಿ, ನೋಡಿ, ತಿರುಗಿ ಬರುವವರು. ಬಂದ ಮೇಲೆ ಊರಿನಲ್ಲಿ ಇವರ ಮಾತು ಕೇಳಲು ಜನ ಕಾದಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಇವರಿಗೆ ದೂರುವ ಸ್ವಾತಂತ್ರ್ಯ ಇದೆ. ಚಳಿ ತಡೆಯಲಾಗಲಿಲ್ಲ, ಊಟ ಸೇರಲಿಲ್ಲ, ಕಾಲು ನೋಯಿತು, ಒಂಟಿ ಅನಿಸಿತು ಎಂದು ಬರೆಯಬಹುದು. ಓದುಗ ಅದನ್ನು ಹಾಸ್ಯವೆಂದೋ ಅನುಭವವೆಂದೋ ಸವಿಯುತ್ತಾನೆ. ಬರೆದದ್ದರಿಂದ ಮನೆಯಲ್ಲಿ ಯಾರೂ ನಿದ್ದೆಗೆಡುವುದಿಲ್ಲ. ಈ ಸ್ವಾತಂತ್ರ್ಯ ಇಲ್ಲದವನು ಪ್ರವಾಸ ಕಥನ ಬರೆಯುವುದು ಹೇಗೆ ಎಂಬುದೇ ನಮ್ಮ ಪ್ರಶ್ನೆ.

ಕಾಫಿ ಬೆಟ್ಟಗಳ ವಿಷಯ ಬಂದಾಗ ತೇಜಸ್ವಿಯವರನ್ನು ಬಿಟ್ಟು ಮಾತಾಡಲು ಬರುವುದಿಲ್ಲ. 2007ರ ಏಪ್ರಿಲಿನಲ್ಲಿ ತೀರಿಕೊಳ್ಳುವವರೆಗೂ ಅವರು ಮೂಡಿಗೆರೆಯ ತಮ್ಮ ತೋಟದಲ್ಲೇ ಬದುಕಿದವರು. ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಪುಸ್ತಕದಲ್ಲಿ ಅವರು ಪ್ರವಾಸಿಯ ಪಟ್ಟಿಯನ್ನೇ ಹರಿದುಹಾಕಿದರು. ನೋಡಬೇಕಾದ ಜಾಗಗಳಿಗಿಂತ ಮೀನು ಹಿಡಿಯುವುದೇ ಅಲ್ಲಿ ದೊಡ್ಡ ಸಂಗತಿ. ನೈಲ್ ನದಿಯ ಭಾಗವಂತೂ ಆ ನದಿಯ ಮೂಲ ಹುಡುಕಿ ಹೊರಟ ಯುರೋಪಿನ ಅನ್ವೇಷಕರ ಹುಚ್ಚು ಸಾಹಸದ ಕತೆ. ಕ್ಯಾಮರಾ ಹಿಡಿದರೂ ಅವರು ತಿರುಗಿದ್ದು ಹಕ್ಕಿಗಳ ಕಡೆಗೆ. ಅವರ ಹಕ್ಕಿ ಚಿತ್ರಗಳು ‘ಮಾಯೆಯ ಮುಖಗಳು’ ಎಂಬ ಪುಸ್ತಕವಾದವು. ಮೂಡಿಗೆರೆಯಲ್ಲಿ ಕುಳಿತವನಿಗೂ ಜಗತ್ತು ಪೂರ್ತಿ ಸಿಗುತ್ತದೆ ಎಂಬುದು ಅವರ ಬರಹದ ಒಳಗಿನ ನಂಬಿಕೆ. ‘ಕರ್ವಾಲೊ’ದ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅದೇ ‘ಕರ್ವಾಲೊ’ದಲ್ಲಿ ಪ್ಯಾರ ಇದ್ದಾನೆ. ಕನ್ನಡ ಕಾದಂಬರಿಯಲ್ಲಿ ಮುಸ್ಲಿಮ್ ಪಾತ್ರವೊಂದು ನೀತಿ ಹೇಳಲಿಕ್ಕಾಗಲೀ ಸಾಮರಸ್ಯದ ಸಂಕೇತವಾಗಲಿಕ್ಕಾಗಲೀ ಬಾರದೆ, ತೋಟದ ಎಲ್ಲರ ಹಾಗೆ ಎಡವಟ್ಟು ಮಾಡಿಕೊಂಡು ಓಡಾಡುವುದು ಎಷ್ಟು ಅಪರೂಪ! ಅದಕ್ಕಾಗಿ ನಮಗೆ ಪ್ಯಾರ ಇಷ್ಟ. ಆದರೆ ಆ ಕಾದಂಬರಿ ಬಂದದ್ದು 1980ರಲ್ಲಿ. ನಮ್ಮ ಸುತ್ತಿನ ಎಷ್ಟೋ ಮನೆಗಳ ಪ್ಯಾರರು ಆ ಹತ್ತಿಪ್ಪತ್ತು ವರ್ಷಗಳಲ್ಲೇ ಚಾರ್ಮಾಡಿ ಘಾಟಿ ಇಳಿದು, ಮಂಗಳೂರಿನಿಂದ ಬಸ್ಸಿನಲ್ಲಿ ಮುಂಬೈ ಸೇರಿ, ಏಜೆಂಟರ ಕೋಣೆಗಳಲ್ಲಿ ವಾರಗಟ್ಟಲೆ ಕಾದು, ಮರುಭೂಮಿಯ ವಿಮಾನ ಹತ್ತಿದರು. ಹಾರುವ ಓತಿಯ ಬೆನ್ನು ಹತ್ತಿ ಕಾಡಿಗೆ ಹೋದವನ ಕತೆ ನಮಗೆ ಸಿಕ್ಕಿತು. ತಾನೇ ಹಾರಿಹೋದವನ ಕತೆ ಸಿಗಲಿಲ್ಲ. ಇದು ತೇಜಸ್ವಿಯವರ ಮೇಲಿನ ಆಕ್ಷೇಪವಲ್ಲ. ಬರೆಯಬೇಕಾಗಿದ್ದವರು ನಾವು.

ನಮ್ಮವರು ಬರೆಯಲಿಲ್ಲವೇ? ಬರೆದಿದ್ದಾರೆ. ಸಾರಾ ಅಬೂಬಕ್ಕರ್, ಬೊಳುವಾರು ಮಹಮ್ಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ ಕರಾವಳಿಯ ಮುಸ್ಲಿಮ್ ಬದುಕನ್ನು ಕನ್ನಡಕ್ಕೆ ಅದರ ಒಳಗಿನಿಂದಲೇ ತಂದುಕೊಟ್ಟವರು. ನಮ್ಮದೇ ಜಿಲ್ಲೆಯ ರಹಮತ್ ತರೀಕೆರೆ ‘ಅಂಡಮಾನ್ ಕನಸು’ ಬರೆದಿದ್ದಾರೆ. ಆದರೆ ಒಟ್ಟಾರೆ ನಮ್ಮ ಬರವಣಿಗೆಯಲ್ಲಿ ಗಲ್ಫ್ ಹೆಚ್ಚಾಗಿ ಊರಿಗೆ ತಲುಪಿದ ರೂಪದಲ್ಲೇ ಕಾಣುತ್ತದೆ: ಹೊಸ ಮನೆಯಾಗಿ, ವರದಕ್ಷಿಣೆಯ ಮೊತ್ತವಾಗಿ, ಗಂಡನಿಲ್ಲದ ಹೆಂಡತಿಯ ಕಾಯುವಿಕೆಯಾಗಿ, ಅತ್ತರಿನ ವಾಸನೆಯ ಪೆಟ್ಟಿಗೆಯಾಗಿ. ಆ ಪೆಟ್ಟಿಗೆ ಕಟ್ಟಿದ ಕೋಣೆ ಹೇಗಿತ್ತು, ಅದರಲ್ಲಿ ಎಷ್ಟು ಜನ ಮಲಗುತ್ತಿದ್ದರು, ಶುಕ್ರವಾರ ಸಂಜೆ ಅವರು ಎಲ್ಲಿ ಹೋಗುತ್ತಿದ್ದರು ಎಂಬುದು ಬರುವುದು ಕಡಿಮೆ.

ಪಕ್ಕದ ಮಲಯಾಳಕ್ಕೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1970ರ ದಶಕದಲ್ಲೇ ಎಸ್.ಎ. ಜಮೀಲ್ ಅವರ ದುಬೈ ಕತ್ತು ಪಾಟ್ಟು, ಅಂದರೆ ಗಂಡನಿಗೆ ಹೆಂಡತಿ ಬರೆದ ಕಾಗದದ ಹಾಡು, ಕ್ಯಾಸೆಟ್ಟಿನಲ್ಲಿ ಮನೆಮನೆ ತಲುಪಿತು. ನಮ್ಮ ಬ್ಯಾರಿ ಮನೆಗಳಲ್ಲೂ ಅದನ್ನು ಕೇಳಿ ಕಣ್ಣೊರೆಸಿಕೊಂಡವರಿದ್ದರು. 2008ರಲ್ಲಿ ಬೆನ್ಯಾಮಿನ್ ‘ಆಡುಜೀವಿತಂ’ ಬರೆದರು. 2015ರಲ್ಲಿ ‘ಪತ್ತೇಮಾರಿ’ ಚಿತ್ರ ಬಂತು. ನಾವು ನಮ್ಮ ಅಳುವನ್ನು ಕೂಡ ಪಕ್ಕದ ಮನೆಯ ಭಾಷೆಯಿಂದ ಎರವಲು ತಂದೆವು.

ಇನ್ನು ಹಜ್ ಯಾತ್ರೆಯ ಬರಹಗಳು. 1995ರವರೆಗೂ ಮುಂಬೈಯಿಂದ ಜಿದ್ದಾಕ್ಕೆ ಹಡಗಿನಲ್ಲಿ ಹಜ್ಜಿಗೆ ಹೋಗಬಹುದಿತ್ತು. ಹಾಗೆ ಹೋಗಿ ಬಂದ ಹಿರಿಯರು ಕಡಲಿನ ಬಗ್ಗೆ, ವಾಂತಿಯ ಬಗ್ಗೆ, ಹಡಗಿನಲ್ಲಿ ಪರಿಚಯವಾದ ಬಿಹಾರಿನ ಮುದುಕನ ಬಗ್ಗೆ ಮನೆಯಲ್ಲಿ ಎಷ್ಟು ಚಂದ ಹೇಳುತ್ತಿದ್ದರು! ಅದೇ ಅನುಭವ ನಮ್ಮಂಥ ಪತ್ರಿಕೆಗಳಿಗೆ ಬರುವಾಗ ಕರ್ಮವಿಧಿಗಳ ಪಟ್ಟಿಯಾಗಿ, ಎಲ್ಲರದೂ ಒಂದೇ ಆಗಿ ಬಿಡುತ್ತದೆ. ಬರೆದವರು ತಾವಾಗಿಯೇ ಮುದುಕನನ್ನು ತೆಗೆದುಹಾಕುತ್ತಾರೆ. ಅವರು ತೆಗೆಯದಿದ್ದರೆ ಸಂಪಾದಕರು ತೆಗೆಯುತ್ತಾರೆ. ಪವಿತ್ರವಾದದ್ದರ ನಡುವೆ ಮನುಷ್ಯನ ವಾಂತಿ ಯಾಕೆ ಎಂಬ ಸಂಕೋಚ. ಯಾತ್ರೆಯನ್ನು ಗೌರವಿಸುವ ಭರದಲ್ಲಿ ಯಾತ್ರಿಕನನ್ನೇ ಅಳಿಸಿಬಿಟ್ಟೆವೇ ಎಂದು ನಾವು ಕೇಳಿಕೊಳ್ಳಬೇಕಾಗಿದೆ.

ಮರಳಿ ಚಿತ್ರಕ್ಕೆ ಬರೋಣ.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಬೂಷ್ಟು ಮಿತಿಮೀರಿತು. ಕಾರಂಜಿಯ ಮೇಲ್ಭಾಗವೆಲ್ಲ ಬಿಳಿ ಚುಕ್ಕೆಯಾಗಿ ಹೋಗಿತ್ತು. ಹೊಸ ಚೌಕಟ್ಟು ಹಾಕಿಸಲೆಂದು ಹಳೆಯ ರಟ್ಟು ಬಿಚ್ಚಿದಾಗ ಚಿತ್ರದ ಬೆನ್ನಲ್ಲಿ ಬಾಲ್ ಪೆನ್ನಿನ ಅಕ್ಷರ ಕಂಡಿತು. ಈ ಚಿತ್ರ ಮೊದಲು ಬಂದದ್ದು ಅಜ್ಜಿಗೆ ಬರೆದ ಕಾಗದದ ಜೊತೆ, ಲಕೋಟೆಯಲ್ಲಿ. ಏಳನೇ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಕಲಿತ ಮಾಮ ಬೆನ್ನಲ್ಲಿ ಬರೆದಿದ್ದರು: “ಜಿದ್ದಾ. ಸಮುದ್ರದ ಬದಿ. ಎಲ್ಲರೂ ಸೌಖ್ಯ.”

ಹದಿನೇಳು ವರ್ಷ ಆ ಊರಿನ ಬಕಾಲದಲ್ಲಿ, ಅಂದರೆ ನಮ್ಮ ಕಡೆಯ ಜಿನಸಿ ಅಂಗಡಿಯಂಥದ್ದರಲ್ಲಿ, ದುಡಿದ ಒಬ್ಬ ಮನುಷ್ಯ ಬರೆದ ಇಡೀ ಪ್ರವಾಸ ಸಾಹಿತ್ಯ ಇಷ್ಟು. ಐದು ಪದ.

ನಾವು ಅದನ್ನು ಮಾಮಿಗೆ ತೋರಿಸಿದೆವು. ಅವರು ಓದಿ ನಕ್ಕರು. ಅವರು ಬ್ಯಾರಿ ಭಾಷೆಯಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗಾಗುತ್ತದೆ: “ಸೌಖ್ಯವಾ? ಆ ದಿವಸ ನನಗೆ ಜ್ವರ ಇತ್ತು. ನಿಲ್ಲಲಿಕ್ಕೆ ಆಗುತ್ತಿರಲಿಲ್ಲ. ಆದರೆ ಮತ್ತೊಂದು ಶುಕ್ರವಾರ ರಜೆ ಸಿಗುತ್ತದೋ ಇಲ್ಲವೋ ಅಂತ ಕರಕೊಂಡು ಹೋದರು.”

ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಾವು ಆ ಮುಖವನ್ನು ನೋಡಿದ್ದೆವು. ಅದರಲ್ಲಿ ಜ್ವರ ಕಂಡಿರಲಿಲ್ಲ. ನಮಗೆ ಕಂಡದ್ದು ಫಾರಿನ್ನಿಗೆ ಹೋದ ಮಾಮಿಯ ಗತ್ತು!

ಆಮೇಲೆ ಮಾಮಿ ಒಂದೊಂದಾಗಿ ಹೇಳುತ್ತಾ ಹೋದರು. ಮಾಮನ ಕೆಲಸಕ್ಕೆ ಕುಟುಂಬವನ್ನು ಖಾಯಂ ಇಟ್ಟುಕೊಳ್ಳುವ ವೀಸಾ ಸಿಗುವಂತಿರಲಿಲ್ಲ. ಕಫೀಲನ, ಅಂದರೆ ಕೆಲಸ ಕೊಟ್ಟ ಯಜಮಾನನ, ಕೈಕಾಲು ಹಿಡಿದು ಮೂರು ತಿಂಗಳ ವೀಸಾ ಆಯಿತು. ಟಿಕೇಟಿಗೆ ಸಾಲ ಮಾಡಿದರು. ಮಾಮಿಗೆ ಜೀವನದಲ್ಲಿ ತೆಗೆಸಿಕೊಂಡ ಮೊದಲ ಚಿತ್ರವೇ ಪಾಸ್‌ಪೋರ್ಟಿನದು. ನಮ್ಮ ಮನೆಗಳ ಎಷ್ಟೋ ಹೆಂಗಸರಿಗೆ ಇದು ನಿಜ. ಅಲ್ಲಿ ಹೋದ ಮೇಲೆ ನೋಡಿದರೆ ಒಂದೇ ಕೋಣೆ, ತೆರೆಯಲಾಗದ ಕಿಟಕಿ, ಹಗಲಿರುಳು ಗುರುಗುಟ್ಟುವ ಎಸಿ. ಮೇಲಿನ ಮಹಡಿಯ ಪಾಕಿಸ್ತಾನಿ ಹೆಂಗಸು ಉರ್ದುವಿನಲ್ಲಿ ಮಾತಾಡಿಸುತ್ತಿದ್ದರು. ಮಾಮಿಗೆ ಉರ್ದು ಬಾರದು. ಇಬ್ಬರೂ ಪಾತ್ರೆಯಲ್ಲಿ ಸಾರು ಕೊಟ್ಟು ತೆಗೆದುಕೊಂಡು ಸ್ನೇಹ ಮಾಡಿಕೊಂಡರು. ಕಾರಂಜಿ ನೋಡಿದ್ದು ಒಂದೇ ದಿನ. ಆ ಹೆಂಗಸಿನ ಸಾರು ನೆನಪಿರುವುದು ಇಂದಿಗೂ.

“ಆ ಕೋಣೆ ನಮ್ಮದಲ್ಲ ಮಗಾ,” ಎಂದರು ಮಾಮಿ. “ಅದರಲ್ಲಿ ಐದು ಜನ ಇದ್ದರು. ನಾವು ಬರುತ್ತೇವೆ ಅಂತ ಉಳಿದ ನಾಲ್ವರು ಬಿಟ್ಟುಕೊಟ್ಟರು. ಮೂರು ತಿಂಗಳು ಅಂಗಡಿಯ ಹಿಂದೆ ಗೋಣಿಚೀಲದ ಪಕ್ಕ ಮಲಗಿದರು. ಈ ಫೋಟೋ ತೆಗೆದದ್ದೂ ಅವರಲ್ಲಿ ಒಬ್ಬರು. ಮಲಪ್ಪುರದವರು. ಮಕ್ಕಳು ನಗುವುದಿಲ್ಲ ಅಂತ ಕ್ಯಾಮರಾದ ಹಿಂದೆ ಮಂಗನ ಹಾಗೆ ಮುಖ ಮಾಡಿದರು. ಅದಕ್ಕೇ ಅವನು ಹಾಗೆ ನಗುತ್ತಿರುವುದು. ಅವರಿಗೂ ಅದೇ ಪ್ರಾಯದ ಹುಡುಗ ಊರಲ್ಲಿ ಇದ್ದ. ನಾಲ್ಕು ವರ್ಷದಿಂದ ನೋಡಿರಲಿಲ್ಲ.”

“ಅವರ ಹೆಸರೇನು ಮಾಮಿ?”

ಮಾಮಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ನಾವು ಇಕ್ಕಾ ಅಂತ ಕರೆಯುತ್ತಿದ್ದೆವು. ಹೆಸರು ಕೇಳಲೇ ಇಲ್ಲ.”

ರಜೆಯ ಚಿತ್ರಗಳ ಬಗ್ಗೆ ಪಶ್ಚಿಮದಲ್ಲಿ ಸಾಕಷ್ಟು ಯೋಚನೆ ನಡೆದಿದೆ. ಅಮೆರಿಕದ ಸೂಸನ್ ಸೊಂಟಾಗ್ 1977ರ ತಮ್ಮ ಪುಸ್ತಕದಲ್ಲಿ, ಕುಟುಂಬ ಒಡೆದು ಚಿಕ್ಕದಾಗುತ್ತಿದ್ದ ಕಾಲದಲ್ಲೇ ಕುಟುಂಬದ ಆಲ್ಬಮ್ ಬೆಳೆಯಿತು ಎಂದು ಗುರುತಿಸಿದರು. ದುಡಿಮೆಯ ಅಭ್ಯಾಸ ಬಿಡಲಾಗದ ಜನ ರಜೆಯಲ್ಲೂ ಕ್ಯಾಮರಾ ಒತ್ತುವುದನ್ನು ಒಂದು ಕೆಲಸ ಮಾಡಿಕೊಂಡರು ಎಂದೂ ಹೇಳಿದರು. ಫ್ರಾನ್ಸಿನ ರೋಲಾಂ ಬಾರ್ತ್ 1980ರಲ್ಲಿ ತೀರಿಹೋದ ತಾಯಿಯ ಒಂದು ಹಳೆಯ ಚಿತ್ರದ ಸುತ್ತಲೇ ಅರ್ಧ ಪುಸ್ತಕ ಬರೆದರು. ಆದರೆ ಆ ಚಿತ್ರವನ್ನು ಮಾತ್ರ ಪುಸ್ತಕದಲ್ಲಿ ಅಚ್ಚು ಹಾಕಲಿಲ್ಲ. ಅದು ತನಗೆ ಮಾತ್ರ ತಾಯಿ, ಉಳಿದವರಿಗೆ ಯಾವುದೋ ಒಂದು ಚಿತ್ರ ಎಂಬುದು ಅವರ ಕಾರಣ. ಚಿತ್ರವನ್ನು ಗೋಡೆಗೆ ಮುಖ ಮಾಡಿ ತಿರುಗಿಸುತ್ತಿದ್ದ ನಮ್ಮ ಅಜ್ಜಿಯ ಕಾರಣ ಬೇರೆ. ಆದರೂ ಚಿತ್ರವೊಂದನ್ನು ಯಾರಿಗೆ, ಯಾವಾಗ ತೋರಿಸಬೇಕು ಎಂಬ ವಿವೇಚನೆ ಇಬ್ಬರಲ್ಲೂ ಇತ್ತು.

ನಮಗೆ ಇವರಿಬ್ಬರ ಮಾತೂ ಉಪಯುಕ್ತ. ಆದರೆ ಗಲ್ಫಿನಿಂದ ಬಂದ ಚಿತ್ರಕ್ಕೆ ಅವು ಪೂರ್ತಿ ಸಾಲುವುದಿಲ್ಲ. ಅವರು ಮಾತಾಡುವ ಚಿತ್ರ ನೆನಪಿಗಾಗಿ ತೆಗೆದದ್ದು. ನಮ್ಮದು ವರದಿ ಒಪ್ಪಿಸಲು ತೆಗೆದದ್ದು. ‘ಎಲ್ಲರೂ ಸೌಖ್ಯ’ ಎಂಬುದು ಆ ಚಿತ್ರದ ಬೆನ್ನಲ್ಲಿ ಇರುವುದಲ್ಲ, ಚಿತ್ರವೇ ಅದು. ಸಾಲ ಕೊಟ್ಟವರಿಗೆ, ಮುಂದಿನ ವರ್ಷ ಹೋಗಲು ಕಾದಿದ್ದ ತಮ್ಮನಿಗೆ, ಕಣ್ಣೀರು ಹಾಕುವ ತಾಯಿಗೆ ಬೇರೆ ಏನನ್ನಾದರೂ ಕಳಿಸುವಂತಿರಲಿಲ್ಲ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತಿನ ಮೇಲೆ ಬಿದ್ದಾಗ ಅಲ್ಲಿಂದ ಒಂದು ಲಕ್ಷ ಎಪ್ಪತ್ತು ಸಾವಿರದಷ್ಟು ಭಾರತೀಯರನ್ನು ಜೋರ್ಡಾನಿನ ಅಮ್ಮಾನ್ ಮೂಲಕ ಏರ್ ಇಂಡಿಯಾ ವಿಮಾನಗಳಲ್ಲಿ ಕರೆತರಬೇಕಾಯಿತು. ಅಂಥ ದಿನಗಳಲ್ಲೂ ನಮ್ಮ ಮನೆಗಳಿಗೆ ಬಂದ ಕಾಗದ ಆರಂಭವಾಗುತ್ತಿದ್ದದ್ದು ಸಲಾಮ್ ಮತ್ತು ಸೌಖ್ಯದಿಂದಲೇ. ಕನ್ನಡದಲ್ಲಿ ಗಲ್ಫಿನ ಪ್ರವಾಸ ಕಥನ ಇಲ್ಲದಿರುವುದಕ್ಕೆ ಕಾರಣ ಬರೆಯಲು ಬಾರದ್ದು ಅಲ್ಲ. ನಿಜ ಬರೆಯುವ ಅಧಿಕಾರ ಅವರಿಗೆ ಇಲ್ಲದ್ದು.

ಇಲ್ಲಿ ತೋಟದವರನ್ನೂ ನಾವು ನ್ಯಾಯವಾಗಿ ನೋಡಬೇಕು. ಆ ಬಂಗಲೆಯ ಆಲ್ಬಮ್ ಕೂಡ ಒಂದು ಕಾಲದ ದಾಖಲೆ. 1942ರ ಕಾಫಿ ಕಾಯಿದೆಯ ನಂತರ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಳಿಗೇ ಒಪ್ಪಿಸಬೇಕಾಗಿತ್ತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಮುರಿದು ಬೆಲೆ ಕುಸಿಯಿತು. 1990ರ ದಶಕದ ಮೊದಲ ವರ್ಷಗಳಿಂದ ಮಂಡಳಿಯ ಹಿಡಿತ ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅದರ ನಡುವೆ 1994ರಲ್ಲಿ ಬ್ರೆಜಿಲಿನ ಕಾಫಿಗೆ ಹಿಮ ಬಿದ್ದು ಲೋಕದ ಬೆಲೆ ಒಮ್ಮೆಲೇ ಏರಿತು. ನಮ್ಮ ಬೆಟ್ಟದ ಎಷ್ಟೋ ಸಂಸಾರಗಳು ಮೊದಲ ಬಾರಿಗೆ ಪಾಸ್‌ಪೋರ್ಟ್ ಮಾಡಿಸಿದ್ದು ಆ ವರ್ಷಗಳಲ್ಲಿ. ಬ್ರೆಜಿಲಿನ ಹಿಮ ಮೂಡಿಗೆರೆಯವರಿಗೆ ಸ್ವಿಟ್ಜರ್ಲೆಂಡಿನ ಹಿಮ ತೋರಿಸಿತು. 2001ರ ಹೊತ್ತಿಗೆ ಬೆಲೆ ಪಾತಾಳಕ್ಕೆ ಇಳಿಯಿತು. ಗಲ್ಫಿನ ಉಳಿತಾಯದಲ್ಲಿ ಎರಡು ಎಕರೆ ತೋಟ ಮಾಡಿದ್ದ ನಮ್ಮ ಮಾಮನೂ ಆ ಪೆಟ್ಟು ತಿಂದವರೇ. ಅಂದರೆ ಎರಡು ಆಲ್ಬಮ್‌ಗಳ ನಡುವೆ ನಾವು ಅಂದುಕೊಂಡಷ್ಟು ದೂರ ಇಲ್ಲ. ಎರಡೂ ಕುಟುಂಬಗಳನ್ನು ಎಲ್ಲೋ ದೂರದಲ್ಲಿ ನಿರ್ಧಾರವಾಗುವ ಬೆಲೆಗಳೇ ಕಳಿಸಿದವು, ಕರೆಸಿದವು.

ಕಳಸದ ಮಟ್ಟಿಗೆ ಇದು ಹೊಸದೂ ಅಲ್ಲ. ಆಗ ಮೂಡಿಗೆರೆ ತಾಲೂಕಿಗೆ ಸೇರಿದ್ದ ಕಳಸದ ಪಕ್ಕದಲ್ಲೇ ಕುದುರೆಮುಖದ ಗಣಿ ಎದ್ದದ್ದು 1975ರಲ್ಲಿ ಇರಾನಿನ ದೊರೆಯ ಸರಕಾ­ರದೊಂದಿಗೆ ಆದ ಒಪ್ಪಂದದಿಂದ. ಅದಿರು ಹೋಗಬೇಕಾಗಿದ್ದದ್ದು ಇರಾನಿಗೆ. 1979ರ ಕ್ರಾಂತಿಯಲ್ಲಿ ದೊರೆ ಹೋದ, ಒಪ್ಪಂದವೂ ಹೋಯಿತು. ಗಣಿ ಮಾತ್ರ 2005ರ ಡಿಸೆಂಬರ್ ಕೊನೆಯವರೆಗೆ ನಡೆಯಿತು. ನಮ್ಮವರು ಕೊಲ್ಲಿಗೆ ಹೋಗುವ ಮೊದಲೇ ಕೊಲ್ಲಿಯ ಹಣ ನಮ್ಮ ಬೆಟ್ಟಕ್ಕೆ ಬಂದು ಹೋಗಿತ್ತು.

ಅದಕ್ಕೂ ಹಿಂದಿನದು ಎಲ್ಲರಿಗೂ ಗೊತ್ತಿರುವ ಕತೆ. ಹದಿನೇಳನೇ ಶತಮಾನದಲ್ಲಿ ಹಜ್ಜಿಗೆ ಹೋಗಿದ್ದ ಬಾಬಾ ಬುಡನ್ ಯೆಮನಿನ ಮೋಕಾದಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂದು ಐತಿಹ್ಯ. ಬೀಜ ಹೊರಗೆ ಹೋಗದಂತೆ ಅರಬರು ಕಾಯುತ್ತಿದ್ದರಂತೆ. ಅವರು ಬಚ್ಚಿಟ್ಟು ತಂದರಂತೆ. ಈ ಕತೆಯಲ್ಲಿ ಚರಿತ್ರೆ ಎಷ್ಟು, ನಂಬಿಕೆ ಎಷ್ಟು ಎಂಬ ಚರ್ಚೆ ಇರಲಿ. ಆ ಗಿರಿಯ ಹೆಸರಿನಲ್ಲಿ ನಡೆದ ಜಗಳಗಳೂ ಇಲ್ಲಿ ಬೇಡ. ನಮಗೆ ಮುಖ್ಯವೆನಿಸುವುದು ಇಷ್ಟು: ಈ ಜಿಲ್ಲೆಯ ಜನ ತಮ್ಮ ಬೆಟ್ಟದ ಬದುಕು ಶುರುವಾದದ್ದು ಒಬ್ಬ ಯಾತ್ರಿಕನ ಗಂಟಿನಿಂದ ಎಂದು ನಂಬಿದ್ದಾರೆ. ಎಲ್ಲ ಧರ್ಮದವರೂ ಈ ಕತೆಯನ್ನು ತಮ್ಮದೆಂದೇ ಹೇಳುತ್ತಾರೆ. ಆ ಮನುಷ್ಯ ಬರೆದ ಪ್ರವಾಸ ಕಥನ ಇಲ್ಲ, ಚಿತ್ರವೂ ಇಲ್ಲ. ಆದರೂ ‘ಓ, ಹಜ್ಜಾ’ ಎಂದು ಯಾರೂ ಆ ಪ್ರಯಾಣವನ್ನು ಬದಿಗೆ ಸರಿಸುವುದಿಲ್ಲ. ಬೀಜ ತಂದವನ ಪ್ರಯಾಣಕ್ಕೆ ಕೊಟ್ಟ ಗೌರವ, ರಿಯಾಲು ತಂದವನ ಪ್ರಯಾಣಕ್ಕೂ ಸಲ್ಲಬೇಕಲ್ಲವೇ?

ಆ ಪ್ರಯಾಣ ಸುಲಭದ್ದಾಗಿರಲಿಲ್ಲ, ಈಗಲೂ ಅಲ್ಲ. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಶುರುವಾದಾಗ ನಮ್ಮ ಕಡೆಯವರಿಗೆ ಮುಂಬೈಯ ಬಸ್ಸಿನ ದಾರಿ ತಪ್ಪಿತು. 2010ರ ಮೇ 22ರ ಬೆಳಗ್ಗೆ ಅದೇ ದುಬೈಯಿಂದ ಬಂದ ವಿಮಾನ ಮಂಗಳೂರಿನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ತೀರಿಕೊಂಡರು. ಉಳಿದವರು ಎಂಟೇ ಜನ. ರಜೆಗೆಂದು ಊರಿಗೆ ಬರುತ್ತಿದ್ದ ಸಂಸಾರಗಳೂ ಅದರಲ್ಲಿದ್ದವು. ಆ ವಾರ ಪತ್ರಿಕೆಗಳಲ್ಲಿ ಬಂದ ಮುಖಗಳು ಹೆಚ್ಚಾಗಿ ಪಾಸ್‌ಪೋರ್ಟ್ ಚಿತ್ರದ ಮುಖಗಳೇ. ಗಲ್ಫಿನ ಕುಟುಂಬ ಚಿತ್ರಗಳನ್ನು ಕನ್ನಡ ನಾಡು ಗಮನವಿಟ್ಟು ನೋಡಿದ್ದು ಆಗ, ಸತ್ತ ಮೇಲೆ.

ಚಿತ್ರದಲ್ಲಿ ನಗುತ್ತಿರುವ ಹುಡುಗ ಬೆಳೆದು ತಂದೆಯ ದಾರಿಯಲ್ಲೇ ಸೌದಿಗೆ ಹೋದ. ಅವನು ಡಿಪ್ಲೊಮಾ ಓದಿದವನು, ಹಾಗಾಗಿ ಹೆಂಡತಿ ಮಕ್ಕಳನ್ನು ಜೊತೆಗೆ ಇಟ್ಟುಕೊಳ್ಳುವ ವೀಸಾ ಸಿಕ್ಕಿತು. 2017ರ ಜುಲೈಯಲ್ಲಿ ಅಲ್ಲಿನ ಸರಕಾರ ವಿದೇಶಿ ನೌಕರರ ಅವಲಂಬಿತರ ಮೇಲೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಗುವುದೆಂದು ಆಗಲೇ ಹೇಳಿತ್ತು. ಹೆಂಡತಿ ಮತ್ತು ಇಬ್ಬರು ಮಕ್ಕಳಿಗೆ ತಿಂಗಳಿಗೆ 300 ರಿಯಾಲಿನಿಂದ 1200 ರಿಯಾಲ್. ಲೆಕ್ಕ ಹಾಕಿದವನು 2018ರಲ್ಲಿ ಸಂಸಾರವನ್ನು ಕಳಸಕ್ಕೆ ಕಳಿಸಿದ. ಅವನ ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ. ಈಗ ಅವನು ವಿಡಿಯೋ ಕಾಲಿನಲ್ಲಿ ಮಕ್ಕಳು ನಗಲೆಂದು ಮಂಗನ ಹಾಗೆ ಮುಖ ಮಾಡುತ್ತಾನೆ. ಅದನ್ನು ಅವನಿಗೆ ಕಲಿಸಿದವರು ಯಾರೆಂದು ಅವನಿಗೆ ನೆನಪಿಲ್ಲ.

ಇತ್ತ ನಮ್ಮ ತೋಟಗಳ ಲೈನ್ ಮನೆಗಳಿಗೆ ಈಗ ಅಸ್ಸಾಮಿನಿಂದ ಕೆಲಸಕ್ಕೆ ಬಂದವರಿದ್ದಾರೆ. ಸಂಜೆ ಕೆಲಸ ಬಿಟ್ಟ ಮೇಲೆ ಸಿಗ್ನಲ್ ಸಿಗುವ ದಿಬ್ಬ ಹುಡುಕಿ ನಿಂತು ಊರಿಗೆ ಫೋನು ಮಾಡುತ್ತಾರೆ. ಹಿಂದೆ ಕಾಫಿ ಹೂವು, ಮಂಜು, ಬೆಟ್ಟದ ಸಾಲು. ಮನೆಯವರಿಗೆ ಅದನ್ನೇ ತೋರಿಸುತ್ತಾರೆ. ಲೈನ್ ಮನೆಯ ಒಳಗನ್ನು ತೋರಿಸುವುದಿಲ್ಲ. ಅವರ ಭಾಷೆ ನಮಗೆ ಬಾರದಿದ್ದರೂ ಅವರು ಏನು ಹೇಳುತ್ತಿರಬಹುದು ಎಂದು ಊಹಿಸಲು ಗಲ್ಫಿನ ಕಾಗದ ಓದಿ ಬೆಳೆದವರಿಗೆ ಕಷ್ಟವಿಲ್ಲ.

ಮಾಮ 2011ರಲ್ಲಿ ತೀರಿಕೊಂಡರು. ಪ್ರತಿ ಸಲ ಅವರು ರಜೆಗೆ ಬಂದಾಗ ನಾವು ಮಕ್ಕಳು ಸುತ್ತ ಮುತ್ತಿಕೊಂಡು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಏನು ತಂದಿರಿ? ಏನು ನೋಡಿದಿರಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರೋ ಏನೋ. ಊರಿಗೆ ಬಂದ ಮೇಲಾದರೂ ಸೌಖ್ಯ ಎಂಬ ಮಾತನ್ನು ಕೆಳಗಿಡಲು ಅವರಿಗೆ ಒಂದು ಅವಕಾಶ ಸಿಗುತ್ತಿತ್ತು. ಕನ್ನಡ ಸಾಹಿತ್ಯ ಕೇಳಲಿಲ್ಲ ಎಂದು ನಾವು ಇಷ್ಟೆಲ್ಲ ದೂರಿದೆವು. ಮನೆಯಲ್ಲಿದ್ದ ನಾವೇ ಕೇಳಿರಲಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲೂ ಇಂಥದೊಂದು ಚಿತ್ರ ಇರಬಹುದು. ಗೋಡೆಯ ಮೇಲೆ, ಟ್ರಂಕಿನ ತಳದಲ್ಲಿ, ಕುರ್ಆನಿನ ಕಪಾಟಿನ ಕೆಳಗಿನ ಖಾನೆಯಲ್ಲಿ. ತೆಗೆದು ಬೆನ್ನು ತಿರುಗಿಸಿ ನೋಡಿ. ಅದರಲ್ಲಿರುವವರು ಬದುಕಿದ್ದರೆ ಪಕ್ಕದಲ್ಲಿ ಕುಳಿತು ಕೇಳಿ: ಆ ದಿವಸ ಏನಾಗಿತ್ತು, ಕೋಣೆ ಯಾರದು, ಚಿತ್ರ ತೆಗೆದವರು ಯಾರು. ಅವರು ಹೇಳಿದ ಹಾಗೆಯೇ ಬರೆದಿಡಿ. ಬ್ಯಾರಿಯಲ್ಲಿ ಹೇಳಿದರೆ ಬ್ಯಾರಿಯಲ್ಲೇ, ಉರ್ದುವಿನಲ್ಲಿ ಹೇಳಿದರೆ ಉರ್ದುವಿನಲ್ಲೇ. ಅದನ್ನು ಚಂದ ಮಾಡಲು ಹೋಗಬೇಡಿ.

ಈ ಲೇಖನದ ಜೊತೆ ಆ ಚಿತ್ರವನ್ನು ಅಚ್ಚು ಹಾಕಬಹುದೇ ಎಂದು ನಾವು ಮಾಮಿಯನ್ನು ಕೇಳಿದೆವು. ಅವರು ಒಪ್ಪಲಿಲ್ಲ. “ನಮ್ಮದು ಯಾಕೆ?” ಎಂದರು. “ಆ ಇಕ್ಕಾನ ಫೋಟೋ ಇದ್ದಿದ್ದರೆ ಹಾಕಬಹುದಿತ್ತು.”